ನೆರೆ ನಕ್ಷೆ ಮಾಡಿಕೊಟ್ಟೆವು, ಆ ರಾತ್ರಿ ಯಾರೂ ಬಿಚ್ಚಿ ನೋಡಲಿಲ್ಲ. ಈ ಸಲ ಎಲ್ಲಿಂದ ಶುರು ಮಾಡೋಣ?

ಹೊಳೆಸಾಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನದಿ ಹರಿವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಕೆಲಸ ನನ್ನದು. ನಾಲ್ಕು ಜನರ ಸಣ್ಣ ಸಂಶೋಧನಾ ತಂಡ. ಮೂರು ವರ್ಷ ಕೂತು ನದಿದಂಡೆಯ ಒಂದು ಪಟ್ಟಣಕ್ಕೆ ನೆರೆ ನಕ್ಷೆ ಮಾಡಿದೆವು. ಹತ್ತು ವರ್ಷಕ್ಕೊಮ್ಮೆ, ಐವತ್ತು ವರ್ಷಕ್ಕೊಮ್ಮೆ, ನೂರು ವರ್ಷಕ್ಕೊಮ್ಮೆ ಬರಬಹುದಾದ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ, ಎಷ್ಟು ಆಳ ನಿಲ್ಲುತ್ತದೆ ಅಂತ ಬಣ್ಣ ಹಾಕಿ ತೋರಿಸಿದ್ದೆವು. ಜೊತೆಗೆ 140 ಪುಟದ ವರದಿ. ಪುರಸಭೆಯಲ್ಲಿ ಸಭೆ ಆಯಿತು. ಎಲ್ಲರೂ ಮೆಚ್ಚಿಕೊಂಡರು. ಫೋಟೊ ತೆಗೆಸಿಕೊಂಡು ಬಂದೆವು.

ಮರುವರ್ಷವೇ ನೆರೆ ಬಂತು. ರಾತ್ರಿ ಹನ್ನೊಂದರ ಮೇಲೆ ನೀರು ಏರಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ, ಅದೊಂದೇ ಸಮಾಧಾನ. ಆದರೆ ಮೂರು ಬೀದಿಯ ಮನೆಗಳಲ್ಲಿ ಸೊಂಟದವರೆಗೆ ನೀರು ನಿಂತಿತ್ತು. ಹತ್ತು ದಿನ ಬಿಟ್ಟು ಗೋಡೆಗಳ ಮೇಲಿನ ಕೆಸರಿನ ಗುರುತು ಅಳೆಯೋಕೆ ಹೋದೆ. ಎಂಜಿನಿಯರ್ ಕೋಣೆಯ ಬೀರುವಿನ ಮೇಲೆ ನಮ್ಮ ನಕ್ಷೆ ಇತ್ತು. ಕೊಟ್ಟಾಗ ಹೇಗಿತ್ತೋ ಹಾಗೇ ಸುರುಳಿ ಸುತ್ತಿಕೊಂಡು. ನಾನೇ ಹಾಕಿದ್ದ ಎರಡು ರಬ್ಬರ್ ಬ್ಯಾಂಡೂ ಹಾಗೇ ಇದ್ದವು. ಒಂದು ಕರಗಿ ಕಾಗದಕ್ಕೆ ಅಂಟಿಕೊಂಡಿತ್ತು.

ಆ ಎಂಜಿನಿಯರ್ ಕೆಟ್ಟವರಲ್ಲ. ನೆರೆ ಬಂದ ರಾತ್ರಿ ಅವರು ಒಂದು ಗಳಿಗೆಯೂ ಕೂತಿರಲಿಲ್ಲ ಅಂತ ಅಲ್ಲಿನ ಜನರೇ ಹೇಳಿದರು. ಅವರು ನನಗೆ ಹೇಳಿದ್ದು ಇಷ್ಟೇ: "ಮೇಡಂ, ಆವತ್ತು ನನಗೆ ಎರಡೇ ವಿಷಯ ಬೇಕಿತ್ತು. ಮೊದಲು ಯಾವ ಬೀದಿ ಖಾಲಿ ಮಾಡಿಸಬೇಕು, ಅದಕ್ಕೆ ಎಷ್ಟು ಗಂಟೆ ಟೈಮ್ ಇದೆ. ಅದು ನಿಮ್ಮ ನಕ್ಷೆಯಲ್ಲಿ ಎಲ್ಲಿತ್ತು?"

ಹುಡುಕಿದರೆ ಸಿಗುತ್ತಿತ್ತು. ಆದರೆ ಮಧ್ಯರಾತ್ರಿ, ಕರೆಂಟ್ ಇಲ್ಲದ ಕೋಣೆಯಲ್ಲಿ, ಯಾರು ಹುಡುಕುತ್ತಾರೆ?

ಇನ್ನೊಂದು ವಿಷಯ. ಈ ಬೇಸಿಗೆಯಲ್ಲಿ ಅದೇ ನದಿ ಎಷ್ಟು ಇಳಿಯಿತು ಅಂದರೆ, ಕುಡಿಯುವ ನೀರು ಎತ್ತುವ ಪೈಪಿನ ಬಾಯಿ ನೀರಿನಿಂದ ಹೊರಗೆ ಬಂದು ಪಂಪು ಗಾಳಿ ಎಳೆಯೋಕೆ ಶುರು ಮಾಡಿತು. ಅದೇ ಎಂಜಿನಿಯರ್ ನನಗೆ ಫೋನ್ ಮಾಡಿ, ಮುಂದಿನ ತಿಂಗಳು ನದಿ ಎಷ್ಟಿರಬಹುದು ಅಂತ ಕೇಳಿದರು. ನಮ್ಮ ಯೋಜನೆ ನೆರೆಗೆ ಮಾತ್ರ ಅಂತ ಹೇಳಬೇಕಾಯಿತು. ಆ ಮಾತು ಹೇಳುವಾಗ ನನಗೇ ಬಹಳ ಸಂಕಟ ಆಯಿತು.

ಈಗ ಹೊಸ ಯೋಜನೆ ಸಿಕ್ಕಿದೆ. ನೆರೆ, ಬರ ಎರಡೂ ಸೇರಿದೆ, ಅದೇ ಪಟ್ಟಣ. ಮೊದಲ ಆರು ತಿಂಗಳು ಹೇಗೆ ಕಳೆಯಬೇಕು? ಸ್ಥಳೀಯ ಆಡಳಿತದಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ. ನಮ್ಮ ಕಡೆಯಿಂದ ಏನು ಕೊಟ್ಟರೆ ನಿಮಗೆ ನಿಜವಾಗಿ ಉಪಯೋಗ ಆಗುತ್ತದೆ?

ಮಾಪನಪಟ್ಟಿ

ಮೇಡಂ, ನಕ್ಷೆಯನ್ನು ಬೀರುವಿನ ಮೇಲೆ ಇಟ್ಟವರ ಕಡೆಯವನು ನಾನು. ಒಂದು ಸ್ಥಳೀಯ ಸಂಸ್ಥೆಯಲ್ಲಿ 26 ವರ್ಷ ನೀರು ಸರಬರಾಜು ಮತ್ತು ಒಳಚರಂಡಿ ನೋಡಿಕೊಂಡೆ. ಈಗ ನಿವೃತ್ತ. ನಿಮ್ಮ ಎಂಜಿನಿಯರ್ ಕೇಳಿದ ಪ್ರಶ್ನೆ ಓದಿ, ನಾನೇ ಕೇಳಿದ ಹಾಗೆ ಅನ್ನಿಸಿತು.

ಮೊದಲ ತಿಂಗಳು ಸಭಾಂಗಣಕ್ಕೆ ಹೋಗಬೇಡಿ. ಪಂಪ್‌ಹೌಸ್‌ಗೆ ಹೋಗಿ ಕೂತುಕೊಳ್ಳಿ.

ಯಾಕೆ ಅಂತ ಒಂದು ಘಟನೆ ಹೇಳುತ್ತೇನೆ. ನಾನು ಕೆಲಸದಲ್ಲಿದ್ದಾಗ ಒಂದು ಸಂಶೋಧನಾ ತಂಡ ಬಂದಿತ್ತು. ಸೇತುವೆಯ ಅಳತೆಪಟ್ಟಿ ನೋಡಿ ಬರೆದ ಹನ್ನೆರಡು ವರ್ಷದ ನೀರಿನ ಮಟ್ಟದ ಅಂಕಿಗಳನ್ನು ಮೇಲಿನ ಕಚೇರಿಯಿಂದ ತೆಗೆದುಕೊಂಡರು. ಮೊದಲ ಏಳು ವರ್ಷಕ್ಕೆ ಅವರ ಲೆಕ್ಕ ಚೆನ್ನಾಗಿ ಹೊಂದುತ್ತಿತ್ತು. ಆಮೇಲಿನ ಐದು ವರ್ಷಕ್ಕೆ ಸುಮಾರು 40 ಸೆಂಟಿಮೀಟರ್ ವ್ಯತ್ಯಾಸ. ಹೂಳು ಇರಬೇಕು, ಮರಳು ತೆಗೆದಿರಬೇಕು ಅಂತ ನಾಲ್ಕು ತಿಂಗಳು ತಲೆ ಕೆಡಿಸಿಕೊಂಡರು. ಒಂದು ದಿನ ಅವರ ವಿದ್ಯಾರ್ಥಿಯೊಬ್ಬ ಮಳೆ ನಿಲ್ಲಲಿ ಅಂತ ಪಂಪ್‌ಹೌಸ್‌ನಲ್ಲಿ ಕೂತಿದ್ದ. ಸುಮ್ನೆ ಕೂರಲಾಗದೆ ಆಪರೇಟರ್ ಬರೆದಿಡುವ ಲಾಗ್ ಪುಸ್ತಕ ತಿರುವಿ ನೋಡಿದ. ಒಂದು ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಹೀಗಿತ್ತು: "ಸೇತುವೆ ರಿಪೇರಿ ಮುಗಿಯಿತು. ಪಟ್ಟಿ ಹೊಸದಾಗಿ ಕೂರಿಸಿದ್ದಾರೆ. ಹಳೇದಕ್ಕಿಂತ ಎರಡು ಗೇಣು ಕೆಳಗೆ."

ಲೆವೆಲ್ ಉಪಕರಣ ಇಟ್ಟು ನೋಡಿದರೆ 41 ಸೆಂಟಿಮೀಟರ್. ಪಟ್ಟಿ ಕೆಳಗೆ ಹೋದರೆ ಅದೇ ನೀರಿಗೆ ಅಂಕಿ ಜಾಸ್ತಿ ಬರುತ್ತದೆ ಅಲ್ವಾ? ಮೇಲಿನ ಕಚೇರಿಗೆ ಅಂಕಿ ಹೋಗುತ್ತಿತ್ತು, ಅಂಚಿನ ಬರಹ ಹೋಗುತ್ತಿರಲಿಲ್ಲ. ಆ ಆಪರೇಟರ್‌ಗೆ ಐದು ವರ್ಷದಿಂದ ಈ ವಿಷಯ ಗೊತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ.

ನೀವು ಬಳಸುವ ಹರಿವಿನ ಅಂಕಿ ಎಲ್ಲಿಂದ ಬರುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನದಿಯಲ್ಲಿ ಎಷ್ಟು ನೀರು ಹರಿಯುತ್ತಿದೆ ಅಂತ ಬಹಳಷ್ಟು ಕಡೆ ದಿನವೂ ಅಳೆಯುವುದಿಲ್ಲ. ಅಳೆಯುವುದು ಎತ್ತರ. ಕೆಲವು ದಿನ ವೇಗ ಅಳೆದು, ಎತ್ತರಕ್ಕೂ ಹರಿವಿಗೂ ಒಂದು ಗೆರೆ ಎಳೆದುಕೊಂಡಿರುತ್ತಾರೆ. ದೊಡ್ಡ ನೆರೆಯಲ್ಲಿ ನೀರಿಗಿಳಿದು ವೇಗ ಅಳೆದವರು ಕಡಿಮೆ. ಹಾಗಾಗಿ ಗೆರೆಯ ಮೇಲಿನ ತುದಿ ಬಹಳಷ್ಟು ಕಡೆ ಅಂದಾಜೇ. ನದಿತಳ ಬದಲಾದರೆ ಗೆರೆಯೂ ಹಳತಾಗುತ್ತದೆ. ಅದಕ್ಕೇ ಪಟ್ಟಿ ನೋಡುವವರ ಜೊತೆ ಸ್ನೇಹ ಮಾಡಿಕೊಳ್ಳಿ ಅನ್ನುವುದು.

ಎರಡನೆಯದು, ನೀರು ಬರುವ ದಾರಿ. ಬಹಳ ನಕ್ಷೆಗಳಲ್ಲಿ ನೀರು ದಂಡೆ ಮೀರಿ ಒಳಗೆ ಬರುತ್ತದೆ. ನಾನು ನೋಡಿದ ನೆರೆಗಳಲ್ಲಿ ಮೊದಲು ಬಂದದ್ದು ಚರಂಡಿಯಿಂದ. ನದಿ ಏರಿದಾಗ ಚರಂಡಿಯ ಬಾಯಿ ಮುಳುಗುತ್ತದೆ, ನೀರು ಹಿಂದಕ್ಕೆ ತಿರುಗಿ ಊರೊಳಗಿನ ತಗ್ಗಿನಲ್ಲಿ ಉಕ್ಕುತ್ತದೆ. ದಂಡೆಯ ಮನೆಯವರು ನೋಡುತ್ತಾ ನಿಂತಿರುತ್ತಾರೆ, ನಾಲ್ಕು ಬೀದಿ ಆಚೆಯವರ ಮನೆ ಮುಳುಗಿರುತ್ತದೆ. ಚರಂಡಿ ಬಾಯಿಗೆ ಒಂದೇ ಕಡೆ ತೆರೆಯುವ ಬಾಗಿಲು ಇದೆಯಾ, ಅದರಲ್ಲಿ ಕಸ ಸಿಕ್ಕಿಕೊಂಡಿದೆಯಾ ಅಂತ ನೋಡಿಕೊಳ್ಳುವ ಕಾರ್ಮಿಕರಿಗೆ ಯಾವ ಬೀದಿ ಮೊದಲು ಅಂತ ಬಾಯಿಪಾಠ ಇರುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ನಮಗೆ ಏನು ಬೇಕು? ಒಂದು ಹಾಳೆ. ನಾವು ಅದನ್ನು ಏಣಿ ಅಂತ ಕರೆಯುತ್ತಿದ್ದೆವು. ಸೇತುವೆಯ ಪಟ್ಟಿಯಲ್ಲಿ ನೀರು ಇಷ್ಟು ಮುಟ್ಟಿದರೆ ಈ ಜಾಗಕ್ಕೆ ನೀರು ಬರುತ್ತದೆ, ಆಗ ಈ ಕೆಲಸ, ಅದನ್ನು ಮಾಡುವವರು ಇವರು. ನಮ್ಮದರಲ್ಲಿ 4 ಮೀಟರ್‌ಗೆ ಚರಂಡಿ ಬಾಗಿಲು ಮುಚ್ಚಿ ಮೋಟಾರ್ ಇಡುವುದು. 4.6ಕ್ಕೆ ತಗ್ಗಿನ ಎರಡು ಬೀದಿಗಳಲ್ಲಿ ಮಲಗಿದ್ದವರನ್ನು ಎಬ್ಬಿಸುವುದು, ಶಾಲೆಯ ಬೀಗ ತೆಗೆಯುವುದು. ಬೀಗದ ಕೈ ಯಾರ ಮನೆಯಲ್ಲಿದೆ ಅಂತಲೂ ಬರೆದಿತ್ತು. 5.2ಕ್ಕೆ ಟ್ರಾನ್ಸ್‌ಫಾರ್ಮರ್ ಬಂದ್ ಮಾಡಿಸುವುದು. ಪಕ್ಕದಲ್ಲಿ ಇನ್ನೊಂದು ಸಾಲು: ಗಂಟೆಗೆ 10 ಸೆಂಟಿಮೀಟರ್ ಏರುತ್ತಿದ್ದರೆ ಮುಂದಿನ ಮೆಟ್ಟಿಲಿಗೆ ಎಷ್ಟು ಹೊತ್ತು, 30 ಏರುತ್ತಿದ್ದರೆ ಎಷ್ಟು ಹೊತ್ತು. ನಿಮ್ಮ ಮೂರು ವರ್ಷದ ಲೆಕ್ಕವೆಲ್ಲ ಆ ಹಾಳೆಗೆ ಇಳಿಯಬೇಕು. ಇಳಿಯುತ್ತದೆ. ನೀವು ಮಾಡಿದ್ದು ವ್ಯರ್ಥ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಏಣಿಯ ಮೇಲಿನ ಮೆಟ್ಟಿಲುಗಳನ್ನು ನಿಮ್ಮಂಥವರು ಬಿಟ್ಟರೆ ಬೇರೆ ಯಾರೂ ಬರೆಯಲಾರರು. ನಾವು ಕಂಡ ನೆರೆಯವರೆಗೆ ಮಾತ್ರ ನಮಗೆ ಗೊತ್ತು. ಕಾಣದ ನೆರೆ ನಿಮಗೆ ಗೊತ್ತು.

ಇದನ್ನು ಹೇಳುವಾಗ ಜರ್ಮನಿಯ ಆರ್ ನದಿಯ ಕಣಿವೆ ನೆನಪಾಗುತ್ತದೆ. 2021ರ ಜುಲೈ 14ರ ರಾತ್ರಿ ಬಂದ ನೆರೆಗೆ ಆ ಒಂದು ಕಣಿವೆಯಲ್ಲೇ 130ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಅಲ್ಟೆನಾರ್ ಮಾಪನ ಕೇಂದ್ರದಲ್ಲಿ ಅದಕ್ಕೆ ಮೊದಲಿನ ಗರಿಷ್ಠ ದಾಖಲೆ 2016ರದ್ದು, ಸುಮಾರು 3.7 ಮೀಟರ್. ಈ ಸಲ ನೀರು ಆ ಕೇಂದ್ರವನ್ನೇ ಕೊಚ್ಚಿಕೊಂಡು ಹೋಯಿತು. ಆಗ ಅಲ್ಲಿದ್ದ ನೆರೆ ನಕ್ಷೆಗಳಿಗೆ ಆಧಾರ 1940ರ ದಶಕದ ನಂತರದ ಅಂಕಿಗಳು. ಆದರೆ 1804ರಲ್ಲಿ, 1910ರಲ್ಲಿ ಅದೇ ಕಣಿವೆಯಲ್ಲಿ ಭಾರಿ ನೆರೆ ಬಂದಿತ್ತು. ಬಾನ್ ವಿಶ್ವವಿದ್ಯಾಲಯದ ಸಂಶೋಧಕರು ಆ ಹಳೆಯ ನೆರೆಗಳ ಹರಿವನ್ನು ಲೆಕ್ಕ ಹಾಕಿ 2014ರಲ್ಲೇ ಪ್ರಕಟಿಸಿದ್ದರು. ಲೆಕ್ಕ ಇತ್ತು, ನಕ್ಷೆಗೆ ಬಂದಿರಲಿಲ್ಲ. ಇದನ್ನು ನಾನು ಎಷ್ಟು ಸಲ ಓದಿದರೂ ಮನಸ್ಸು ಭಾರ ಆಗುತ್ತದೆ. ನಿಮ್ಮ ಪಟ್ಟಣದಲ್ಲೂ ಹಳೆಯ ಕಟ್ಟಡದ ಗೋಡೆ ಮೇಲೆ, ಹಳೆಯ ಕಡತದಲ್ಲಿ ಇಂಥ ಗುರುತು ಇರಬಹುದು. ಪಟ್ಟಿಯ ಲೆಕ್ಕಕ್ಕಿಂತ ಹಳೆಯದನ್ನು ಹುಡುಕಿ.

ಮತ್ತೆ, "ನೂರು ವರ್ಷಕ್ಕೊಮ್ಮೆ" ಅನ್ನುವ ಮಾತನ್ನು ಸಭೆಯಲ್ಲಿ ಆಡಲೇಬೇಡಿ. ಹೋದ ವರ್ಷ ಬಂದಾಯಿತು, ಇನ್ನು 99 ವರ್ಷ ನಿಶ್ಚಿಂತೆ ಅಂತ ಕೇಳಿದವರು ಅಂದುಕೊಳ್ಳುತ್ತಾರೆ. ಅದರ ಅರ್ಥ ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಾಧ್ಯತೆ ಅಂತ ತಾನೇ? ಹೀಗೆ ಹೇಳಿ: ಒಂದು ಮನೆ ಕಟ್ಟಿ 30 ವರ್ಷ ವಾಸ ಮಾಡಿದರೆ, ಆ ಅವಧಿಯಲ್ಲಿ ಒಮ್ಮೆಯಾದರೂ ಈ ನೆರೆ ಬರುವ ಸಾಧ್ಯತೆ ನೂರರಲ್ಲಿ ಸುಮಾರು 26 ಪಾಲು. ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು. ಹಾಗೆ ಹೇಳಿದ ದಿನ ನಮ್ಮ ಸಭೆಯಲ್ಲಿ ಮೊದಲ ಸಲ ಎಲ್ಲರೂ ನಕ್ಷೆಯ ಹತ್ತಿರ ಎದ್ದು ಬಂದರು, ತಮ್ಮ ಮನೆ ಹುಡುಕೋಕೆ.

ವಾರ್ಡ್ ಸದಸ್ಯೆ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಒಂದು ಕಡೆ ನಾನು ಒಪ್ಪುವುದಿಲ್ಲ. ಏಣಿ ಬರೆದರೆ ಎಲ್ಲ ಆಗುತ್ತದೆ ಅನ್ನುವ ಹಾಗೆ ಕೇಳಿಸಿತು.

ನಾನು ಎರಡು ಅವಧಿಗೆ ಚುನಾಯಿತ ಸದಸ್ಯೆ. ಒಂದು ಸಲ ಮುನ್ಸೂಚನೆ ನೋಡಿ ರಾತ್ರಿ ಎರಡು ಗಂಟೆಗೆ ನನ್ನ ವಾರ್ಡಿನ ಮನೆ ಮನೆ ಬಾಗಿಲು ತಟ್ಟಿ ಜನರನ್ನು ಎಬ್ಬಿಸಿದೆ. ವಯಸ್ಸಾದವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದೆವು. ಬೆಳಗಾಯಿತು, ನೀರು ಬರಲೇ ಇಲ್ಲ. ಮುಂದಿನ ಸಲ ನಾನು ಬಾಗಿಲು ತಟ್ಟಿದಾಗ ಕೆಲವರು ತೆರೆಯಲೇ ಇಲ್ಲ. ಆ ಸಲ ನೀರು ಬಂತು. ಅವರನ್ನು ದೋಣಿಯಲ್ಲಿ ಹೊರಗೆ ತಂದೆವು. ನನಗೆ ಇವತ್ತಿಗೂ ಆ ಮುಚ್ಚಿದ ಬಾಗಿಲುಗಳು ಕಣ್ಣಿಗೆ ಕಟ್ಟಿದಂತಿವೆ.

ಸಂಶೋಧಕರು ನಮಗೆ ನೂರರಲ್ಲಿ 40 ಪಾಲು ಸಾಧ್ಯತೆ ಅಂತ ಹೇಳುತ್ತಾರೆ. ಅದು ಪ್ರಾಮಾಣಿಕ ಮಾತು, ನನಗೆ ಗೊತ್ತು. ಆದರೆ 40ಕ್ಕೆ ಎಬ್ಬಿಸಬೇಕಾ, ಬೇಡವಾ? ಅದನ್ನು ಆ ರಾತ್ರಿ ಒಬ್ಬಳೇ ತೀರ್ಮಾನ ಮಾಡುವ ಹಾಗೆ ಆಗಬಾರದು. ನೀವು ಬೇಸಿಗೆಯಲ್ಲೇ ಬಂದು ನಮ್ಮ ಜೊತೆ ಕೂತು ಹಳೆಯ ಮುನ್ಸೂಚನೆಗಳನ್ನು ತೆಗೆದು ತೋರಿಸಿ. 40ಕ್ಕೆ ಎಚ್ಚರಿಸಿದ್ದರೆ ಎಷ್ಟು ಸಲ ಸುಳ್ಳಾಗುತ್ತಿತ್ತು, 70ಕ್ಕೆ ಕಾದಿದ್ದರೆ ಎಷ್ಟು ಸಲ ತಡವಾಗುತ್ತಿತ್ತು ಅಂತ. ಆಮೇಲೆ ನಾವು, ಆ ಬೀದಿಯ ಜನರನ್ನೂ ಕೂರಿಸಿಕೊಂಡು, ಒಂದು ಗಡಿ ಗೊತ್ತು ಮಾಡಿ ಸಭೆಯ ನಡಾವಳಿಯಲ್ಲಿ ಬರೆಸುತ್ತೇವೆ. ಹತ್ತು ಸಲದಲ್ಲಿ ಆರು ಸಲ ನೀರು ಬರದಿದ್ದರೂ ಪರವಾಗಿಲ್ಲ ಅಂತ ಜನರೇ ಮೊದಲು ಒಪ್ಪಿದ್ದರೆ, ಏಳನೆಯ ಸಲವೂ ಬಾಗಿಲು ತೆರೆಯುತ್ತಾರೆ.

ಬಾಂಗ್ಲಾದೇಶದಲ್ಲಿ 2020ರ ಜುಲೈನಲ್ಲಿ ಜಮುನಾ ನದಿ ಏರುವ ಮುಂಚೆಯೇ ವಿಶ್ವಸಂಸ್ಥೆಯ ತುರ್ತು ನಿಧಿಯಿಂದ ಹಣ ಬಿಡುಗಡೆಯಾದದ್ದು ಹೀಗೆಯೇ. ಮುನ್ಸೂಚನೆ ಯಾವ ಗಡಿ ಮುಟ್ಟಿದರೆ ಹಣ ಕೊಡಬೇಕು ಅಂತ ಮೊದಲೇ ಬರೆದಿಟ್ಟಿದ್ದರು. ಆ ದಿನ ಚರ್ಚೆಗೆ ಜಾಗವೇ ಇರಲಿಲ್ಲ. ನೀರು ಉಚ್ಚ ಮಟ್ಟಕ್ಕೆ ಬರುವ ಮುಂಚೆ ಕುಟುಂಬಗಳ ಮೊಬೈಲಿಗೆ ಹಣ ಬಂದಿತ್ತು.

ಇನ್ನೊಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಯೋಜನೆ ಮೂರು ವರ್ಷ. ನಾಲ್ಕನೆಯ ವರ್ಷ ಹೊಸ ಬಡಾವಣೆ ಬಂದು ನೀರಿನ ದಾರಿ ಬದಲಾದರೆ ಏಣಿ ತಿದ್ದುವವರು ಯಾರು?

ಒಣಹೊಳೆ

ನಾನು ಬರದ ಕಡೆಯವನು. ಹೊಳೆಸಾಲು ಅವರು ಫೋನ್ ಬಂದ ವಿಷಯ ಬರೆದಿದ್ದಾರಲ್ಲ, ಅದರ ಬಗ್ಗೆ ಹೇಳುತ್ತೇನೆ.

ನೆರೆ ಒಂದು ರಾತ್ರಿ ಬರುತ್ತದೆ. ಬರಕ್ಕೆ ಅಂಥ ರಾತ್ರಿ ಇಲ್ಲ. ಇವತ್ತು ಶುರುವಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ವಾರ ಮಳೆ ಬರಬಹುದು ಅಂತ ಕಾಯುತ್ತಾ ಕಾಯುತ್ತಾ ನೀರು ಕಡಿತ ಮಾಡುವ ತೀರ್ಮಾನ ಮುಂದಕ್ಕೆ ಹೋಗುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಕೊನೆಗೆ ಟ್ಯಾಂಕರ್ ಹುಡುಕುತ್ತಾರೆ. ಹಾಗಾಗಿ ಮಾಪನಪಟ್ಟಿ ಸರ್ ಹೇಳಿದ ಏಣಿಯನ್ನು ಕೆಳಗಡೆಗೂ ಇಳಿಸಿ. ಅದೇ ಪಟ್ಟಿ, ಅದೇ ಹಾಳೆ. ಪೈಪಿನ ಬಾಯಿಗಿಂತ ನೀರು ಒಂದು ಮೀಟರ್ ಮೇಲಿದ್ದಾಗ ಏನು, ಅರ್ಧ ಮೀಟರ್ ಇದ್ದಾಗ ಏನು. ಯಾವ ಬಳಕೆಗೆ ಮೊದಲು ಕಡಿತ, ಯಾವುದಕ್ಕೆ ಕೊನೆಗೆ. ಇದನ್ನು ನದಿ ತುಂಬಿ ಹರಿಯುವ ವರ್ಷದಲ್ಲಿ ಬರೆಸಿ. ಒಣಗಿದ ವರ್ಷದಲ್ಲಿ ಬರೆಯೋಕೆ ಹೋದರೆ ಪ್ರತಿ ಸಾಲಿಗೂ ಜಗಳ.

ಮಳೆ ಲೆಕ್ಕಕ್ಕೆ ಎಸ್‌ಪಿಐ ಸೂಚ್ಯಂಕ ಬಳಸಿ, ಅಂದರೆ ಮಳೆ ಎಂದಿಗಿಂತ ಎಷ್ಟು ಕಡಿಮೆ, ಎಷ್ಟು ಜಾಸ್ತಿ ಅಂತ ತೋರಿಸುವ ಅಳತೆ. ಮಳೆ ಅಂಕಿ ಮಾತ್ರ ಸಾಕು, ಯಾವ ಕಚೇರಿಯಲ್ಲಾದರೂ ಮಾಡಬಹುದು. ಆದರೆ ಮೂರು ತಿಂಗಳಿನದು ಬೆಳೆಗೆ, ಹನ್ನೆರಡು ತಿಂಗಳಿನದು ಜಲಾಶಯಕ್ಕೆ. ಒಂದನ್ನೇ ತೋರಿಸಿದರೆ ಅರ್ಧ ಜನಕ್ಕೆ ಸುಳ್ಳು ಹೇಳಿದ ಹಾಗೆ.

ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದ ವಿಷಯ ಎಲ್ಲರಿಗೂ ಗೊತ್ತು. 2015ರಿಂದ 2017ರವರೆಗೆ ಸತತ ಮೂರು ವರ್ಷ ಮಳೆ ಕೈಕೊಟ್ಟಿತು. 2018ರ ಫೆಬ್ರವರಿ 1ರಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಮಿತಿ. ನಲ್ಲಿ ಬಂದ್ ಮಾಡಿ ಸುಮಾರು 200 ಕಡೆ ಸರದಿಯಲ್ಲಿ ನೀರು ಕೊಡುವ ದಿನಕ್ಕೆ "ಡೇ ಜೀರೋ" ಅಂತ ಹೆಸರಿಟ್ಟರು. ಆ ದಿನ ಬರಲಿಲ್ಲ. ನಗರದ ಬಳಕೆ ಮೊದಲಿನ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ನನಗೆ ಮುಖ್ಯ ಅನ್ನಿಸಿದ್ದು ಅಂಕಿಗಳನ್ನು ಬಚ್ಚಿಡದೆ ಇದ್ದದ್ದು. ಅಣೆಕಟ್ಟೆಗಳಲ್ಲಿ ಎಷ್ಟು ನೀರಿದೆ ಅಂತ ನಗರಾಡಳಿತ ವಾರ ವಾರ ಹೇಳುತ್ತಿತ್ತು. ಅಲ್ಲಿನ ವಿಶ್ವವಿದ್ಯಾಲಯದ ಹವಾಮಾನ ತಂಡ ಅದೇ ಅಂಕಿಗಳನ್ನು ಯಾರು ಬೇಕಾದರೂ ನೋಡುವ ಹಾಗೆ ಚಿತ್ರಗಳಲ್ಲಿ ಹಾಕಿತ್ತು. ಜನ ತಮ್ಮ ಕಣ್ಣಿಂದಲೇ ಗೆರೆ ಇಳಿಯುವುದನ್ನು ನೋಡಿದರು. ಗ್ರೂನ್‌ಲ್ಯಾಂಡ್ ರೈತರ ಸಂಘ ತಮ್ಮ ಪಾಲಿನ ಸುಮಾರು 1000 ಕೋಟಿ ಲೀಟರ್ ನೀರನ್ನು ನಗರಕ್ಕೆ ಬಿಟ್ಟುಕೊಟ್ಟಿತು.

ಈಗ ನೆರೆ, ಬರ ಎರಡೂ ಒಂದೇ ಯೋಜನೆಯಲ್ಲಿ ಇರಬೇಕು ಅನ್ನುವುದಕ್ಕೆ ನನ್ನ ಬಳಿ ಇರುವ ಅತಿ ಒಳ್ಳೆಯ ಉದಾಹರಣೆ. ಜಲಾಶಯದಲ್ಲಿ ನೆರೆಗೆ ಜಾಗ ಖಾಲಿ ಇಡಬೇಕು, ಬರಕ್ಕೆ ತುಂಬಿಸಬೇಕು. ಎರಡೂ ಒಂದೇ ಗೋಡೆಯ ಹಿಂದೆ. ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಜಲಾಶಯದಲ್ಲಿ 2012ರ ಕೊನೆಗೆ ಭಾರಿ ಮಳೆ ಬಂತು. ದಶಕಗಳಷ್ಟು ಹಳೆಯ ನಿಯಮ ಪುಸ್ತಕದ ಪ್ರಕಾರ ನೆರೆಗೆ ಜಾಗ ಮಾಡಲು ನೀರು ಬಿಟ್ಟರು. 2013ರಲ್ಲಿ ಮಳೆ ತೀರಾ ಕಡಿಮೆ. ಬಿಟ್ಟ ನೀರು ಹೋಯಿತು, ಜಲಾಶಯದ ಮಟ್ಟ ತೀರಾ ಕೆಳಗಿಳಿಯಿತು. ಆಮೇಲೆ ಸ್ಥಳೀಯ ನೀರು ಸಂಸ್ಥೆ ಸೊನೊಮಾ ವಾಟರ್, ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆ, ಅಣೆಕಟ್ಟೆಯ ನೆರೆ ನಿಯಮ ನೋಡಿಕೊಳ್ಳುವ ಸೇನಾ ಎಂಜಿನಿಯರ್‌ಗಳು ಒಂದೇ ಮೇಜಿನ ಸುತ್ತ ಕೂತರು. ಮುಂದಿನ ದಿನಗಳ ಮುನ್ಸೂಚನೆಯಲ್ಲಿ ದೊಡ್ಡ ಮಳೆ ಇಲ್ಲದಿದ್ದರೆ ನೀರು ಹಿಡಿದಿಡುವುದು, ಕಂಡರೆ ಮೊದಲೇ ಬಿಡುವುದು ಅಂತ ಪ್ರಯೋಗ ಮಾಡಿದರು. ಮಳೆ ಕಡಿಮೆಯಿದ್ದ 2020ರಲ್ಲಿ ಹಳೆಯ ನಿಯಮದಲ್ಲಿ ಇರುತ್ತಿದ್ದುದಕ್ಕಿಂತ 11,000 ಎಕರೆ-ಅಡಿಗೂ (ಒಂದು ಎಕರೆಯಲ್ಲಿ ಒಂದು ಅಡಿ ನಿಲ್ಲುವ ನೀರು ಒಂದು ಎಕರೆ-ಅಡಿ) ಜಾಸ್ತಿ ನೀರು ಉಳಿಯಿತು. ನೂರಕ್ಕೆ ಸುಮಾರು 19 ಪಾಲು ಹೆಚ್ಚು. ಹೊಸ ಗೋಡೆ ಕಟ್ಟಲಿಲ್ಲ. ಆದರೆ ಆ ಮೇಜಿನ ಸುತ್ತ ಕೂತದ್ದು ಆರು ವರ್ಷ. ಮೂರು ವರ್ಷದ ಯೋಜನೆಯಲ್ಲಿ ಇದು ಆಗುತ್ತಿರಲಿಲ್ಲ. ವಾರ್ಡ್ ಸದಸ್ಯೆಯವರ ಕೊನೆಯ ಪ್ರಶ್ನೆ ಸರಿಯಾದ ಪ್ರಶ್ನೆ.

ಹಳ್ಳದಮೇಲೆ

ಚಿಕ್ಕದಾಗಿ ಒಂದು ಸೇರಿಸುತ್ತೇನೆ. ಇಂಗ್ಲೆಂಡಿನ ಪಿಕರಿಂಗ್ ಅನ್ನುವ ಪಟ್ಟಣದಲ್ಲಿ ಪದೇ ಪದೇ ನೆರೆ ಬರುತ್ತಿತ್ತು. 2007ರಲ್ಲಿ ಬಂದದ್ದು ಜೋರಾಗಿತ್ತು. ಆ ಹೊತ್ತಿಗೆ ಸ್ಟುವರ್ಟ್ ಲೇನ್, ಸಾರಾ ವಾಟ್ಮೋರ್ ಮೊದಲಾದ ಸಂಶೋಧಕರು ಅಲ್ಲಿನ ನಿವಾಸಿಗಳನ್ನು ಕೂರಿಸಿಕೊಂಡು ಒಂದು ಗುಂಪು ಮಾಡಿದರು. ನೀರಿನ ಹರಿವು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಯನ್ನು ತಯಾರಾದ ಮೇಲೆ ತೋರಿಸಲಿಲ್ಲ. ಜನರ ಜೊತೆಯೇ ಕಟ್ಟಿದರು. ಮೇಲ್ಭಾಗದಲ್ಲಿ ಸಣ್ಣ ಸಣ್ಣ ಒಡ್ಡು ಹಾಕಿ ನೀರು ನಿಧಾನ ಮಾಡೋಣ ಅನ್ನುವ ವಿಚಾರ ಆ ಮಾತುಕತೆಯಲ್ಲಿ ಬೆಳೆದದ್ದು. ಆಮೇಲೆ ಅರಣ್ಯ ಸಂಶೋಧನಾ ಸಂಸ್ಥೆ, ಸ್ಥಳೀಯ ಆಡಳಿತಗಳು ಸೇರಿ ಹಳ್ಳಗಳಿಗೆ ಮರದ ದಿಮ್ಮಿಗಳ ತಡೆ ಹಾಕಿದರು, ಗಿಡ ನೆಟ್ಟರು, ಪಟ್ಟಣದ ಮೇಲ್ಭಾಗದಲ್ಲಿ ನೀರು ನಿಲ್ಲುವ ಒಂದು ದೊಡ್ಡ ಜಾಗವನ್ನೂ ಮಾಡಿದರು. 2015ರ ಡಿಸೆಂಬರ್ 26ರ ಮಳೆಗೆ ಹಳ್ಳದ ಗರಿಷ್ಠ ಹರಿವು ನೂರಕ್ಕೆ 15ರಿಂದ 20 ಪಾಲು ಕಡಿಮೆಯಾಯಿತು ಅಂತ ಲೆಕ್ಕ ಸಿಕ್ಕಿತು. ಪಟ್ಟಣ ಮುಳುಗಲಿಲ್ಲ. ಆದರೆ ಇದು ಸಣ್ಣ ಹಳ್ಳದ ಕಥೆ, ದೊಡ್ಡ ನದಿಗೆ ಇದೇ ಲೆಕ್ಕ ಹಿಡಿದುಕೊಂಡು ಹೋಗಬೇಡಿ.

ಹೊಳೆಸಾಲು

ಎರಡು ವಾರ ಉತ್ತರ ಬರೆಯಲಿಲ್ಲ, ಕ್ಷಮಿಸಿ. ಪಂಪ್‌ಹೌಸ್‌ನಲ್ಲಿ ಕೂತಿದ್ದೆ.

ಅಲ್ಲಿನ ಆಪರೇಟರ್ ಮೊದಲ ದಿನ ಮಾತೇ ಆಡಲಿಲ್ಲ. ಎರಡನೆಯ ದಿನ ನಾನೇ ಬೆಳಗ್ಗೆ ಆರಕ್ಕೆ ಅವರ ಜೊತೆ ಪಟ್ಟಿ ನೋಡೋಕೆ ಇಳಿದೆ. ಕೆಳಗಿನ ಒಂದು ಮೀಟರ್ ಪಾಚಿ ಹಿಡಿದು ಅಂಕಿ ಕಾಣುವುದಿಲ್ಲ. ಅವರು ಮೆಟ್ಟಿಲ ಪಕ್ಕದ ಕಲ್ಲಿನಲ್ಲಿ ಉಳಿಯಿಂದ ಕೊರೆದ ಗೆರೆಗಳನ್ನು ತೋರಿಸಿದರು. ಬೇಸಿಗೆಯಲ್ಲಿ ಆ ಗೆರೆ ನೋಡಿ, ಅಂದಾಜು ಮಾಡಿ ಅಂಕಿ ಬರೆಯುತ್ತಾರಂತೆ. ಅಂದರೆ ನಮ್ಮ ಬಳಿ ಇರುವ ಬೇಸಿಗೆಯ ಅಂಕಿಗಳಿಗೆ ಒಂದು ಸೊನ್ನೆ (ಎತ್ತರ ಎಣಿಸಲು ಶುರು ಮಾಡುವ ಜಾಗ), ಮಳೆಗಾಲದ ಅಂಕಿಗಳಿಗೆ ಇನ್ನೊಂದು ಸೊನ್ನೆ. ಬರದ ಲೆಕ್ಕವನ್ನು ಹಾಗೇ ಶುರು ಮಾಡಿದ್ದರೆ ಬುಡದಲ್ಲೇ ತಪ್ಪುತ್ತಿತ್ತು. ಮಾಪನಪಟ್ಟಿ ಸರ್, ನಿಮ್ಮ ಮಾತು ಕೇಳಿದ್ದು ಎಷ್ಟು ಒಳ್ಳೆಯದಾಯಿತು.

ಎಂಜಿನಿಯರ್ ಜೊತೆ ಕೂತು ಏಣಿಯ ಮೊದಲ ಮೂರು ಮೆಟ್ಟಿಲನ್ನು ಪೆನ್ಸಿಲ್‌ನಲ್ಲಿ ಬರೆದೆವು. ಅವರು ನಮ್ಮ ನಕ್ಷೆ ಕೆಳಗಿಳಿಸಿ ಮೇಜಿನ ಮೇಲೆ ಹರಡಿದರು. ಒಂದು ಬೀದಿಯ ಮೇಲೆ ಬೆರಳಿಟ್ಟು "ಇಲ್ಲಿಗೆ ಚರಂಡಿಯಿಂದ ಬರುತ್ತದೆ, ನೀವು ತಡವಾಗಿ ತೋರಿಸಿದ್ದೀರಿ" ಅಂದರು. ನಿಜ. ನಮ್ಮ ಮಾದರಿಯಲ್ಲಿ ಚರಂಡಿಯೇ ಇರಲಿಲ್ಲ.

ವಾರ್ಡ್ ಸದಸ್ಯೆ ಮೇಡಂ, ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ನನ್ನ ಬಳಿ ಇನ್ನೂ ಇಲ್ಲ. ಸದ್ಯ ಒಪ್ಪಿಕೊಂಡದ್ದು ಇಷ್ಟು. ಲೆಕ್ಕದ ಕಡತ, ಅಂಕಿಗಳು ಎಲ್ಲ ಪುರಸಭೆಯ ಕಂಪ್ಯೂಟರ್‌ನಲ್ಲೇ ಇರುತ್ತವೆ, ನಮ್ಮಲ್ಲಿ ನಕಲು ಮಾತ್ರ. ಅಲ್ಲಿನ ಇಬ್ಬರಿಗೆ ಏಣಿ ತಿದ್ದೋಕೆ ಕಲಿಸುತ್ತೇವೆ. ಪ್ರತಿ ವರ್ಷ ಮಳೆಗಾಲಕ್ಕೆ ಒಂದು ತಿಂಗಳು ಮುಂಚೆ ಒಂದು ದಿನ ಎಲ್ಲರೂ ಸೇರಿ ಏಣಿ ಓದುವುದು, ಯೋಜನೆ ಮುಗಿದ ಮೇಲೂ ನಾನು ಬರುವುದು. ಇದನ್ನು ನಡಾವಳಿಯಲ್ಲಿ ಬರೆಸಿ ಅಂತ ನಾನೇ ಕೇಳಿಕೊಂಡೆ. ಮುನ್ಸೂಚನೆಯ ಗಡಿಯ ಬಗ್ಗೆ ಆ ಮೂರು ಬೀದಿಯ ಜನರ ಜೊತೆ ಸಭೆ ಮುಂದಿನ ತಿಂಗಳು ಇದೆ.

ಮಾಪನಪಟ್ಟಿ

ಓದಿ ತುಂಬಾ ಖುಷಿಯಾಯಿತು ಮೇಡಂ. ಆ ಕಲ್ಲಿನ ಗೆರೆಗಳನ್ನು ಈ ವಾರವೇ ಲೆವೆಲ್ ಉಪಕರಣ ಇಟ್ಟು ಅಳೆಸಿ, ಪಕ್ಕದ ಯಾವುದಾದರೂ ಅಲುಗಾಡದ ಜಾಗಕ್ಕೆ, ಸೇತುವೆಯ ಕಂಬಕ್ಕೆ ಬೇಡ, ಹೊಂದಿಸಿ ಬರೆದಿಡಿ. ಮೊದಲ ಮಳೆ ಬಿದ್ದರೆ ಕೆಳಗಿನ ನಾಲ್ಕು ಗೆರೆ ಮುಳುಗುತ್ತವೆ, ಆಮೇಲೆ ಮುಂದಿನ ಬೇಸಿಗೆಯವರೆಗೆ ಕಾಯಬೇಕು. ಆಪರೇಟರ್‌ರನ್ನು ಜೊತೆಗೆ ಕರೆದುಕೊಂಡು ಹೋಗಿ. ಯಾವ ಗೆರೆ ಯಾವ ವರ್ಷ ಕೊರೆದದ್ದು ಅಂತ ಅವರಿಗೆ ಮಾತ್ರ ಗೊತ್ತಿರುತ್ತದೆ.